ದೊರೆಮಗನ ಬೈಕ್ ಕೀ

ಫೆಬ್ರವರಿ 9, ಭಾನುವಾರ. ಮಧುಗಿರಿ

ಬೆಳಿಗ್ಗೆ ಶುಂಠಿ ಕಷಾಯ. ಹಾರ್ಮೋನಿಯಂ ಒರೆಸಿದೆ. ಲೋಹಿತಾಗೆ ಬೈದೆ. ದಿನದ ಮೂರು ಪೂಜೆ ಮುಗಿದಂತಾಯ್ತು.

ಹುಡುಗಿಗೆ ಹತ್ತೊಂಬತ್ತು. ನನ್ನ ಮನೇಲೇ ಇದ್ದು ಪಾತ್ರ ಕಲೀತಾಳೆ. ಅಳುವ ಸೀನಿನಲ್ಲಿ ಮೂಗು ಒರೆಸ್ತಾಳೆ. ಅರಮನೆಯವರು ಕಣ್ಣಲ್ಲಿ ಅಳ್ತಾರೆ ಕಣೇ, ಮೂಗಲ್ಲಲ್ಲ — ಅಂದೆ. "ನೆಗಡಿ ಅಮ್ಮಾ" ಅಂದಳು. ರಾಣಿವಾಸಕ್ಕೂ ನೆಗಡಿ! ರಂಗಭೂಮಿ ಉದ್ಧಾರ!

ಮಧ್ಯಾಹ್ನ ಹೊಸದಾಗಿ ಒಪ್ಪಿಕೊಂಡ ಹಳ್ಳಿ ಮಂಡಳಿಯ ಮೊದಲ ಪ್ರಾಕ್ಟೀಸು. ಶಿರಾ ಬಸ್ಸು, ಅಲ್ಲಿಂದ ಕಳ್ಳಂಬೆಳ್ಳ, ಅಲ್ಲಿಂದ ಕೆರೆ ಏರಿ ಮೇಲೆ ಆಟೋ. ಊರಿನ ಹೆಸರು ಬರೆದರೆ ಊರಿಗೆ ಮರ್ಯಾದೆ ಕೊಟ್ಟಂಗಾಗುತ್ತೆ. ಬೇಡ.

ನಾಟಕ ನಮ್ಮಪ್ಪ ಬರೆದದ್ದು — ಕೋಟೆ ಕಾದ ಸಿಂಗರಾಯ. ಪಾಳೇಗಾರನ ಎಳೇ ಮಗ ಸಿಂಗರಾಯ ತಾಯಿಯ ಅಪ್ಪಣೆ ಪಡೆದು ಯುದ್ಧಕ್ಕೆ ಹೋಗ್ತಾನೆ, ಹೆಣವಾಗಿ ಬರ್ತಾನೆ. ತಾಯಿ ರಾಣಿ ನಾನೇ. ಪಾಠ ಹೇಳೋಳೂ ನಾನೇ. ಅಪ್ಪನ ಕಂಪನಿ ಡೇರೆಯಲ್ಲಿ ಹುಟ್ಟಿದವಳು. ನನ್ನ ತೊಟ್ಟಿಲು ಕಟ್ಟಿದ್ದು ಸೈಡ್‌ವಿಂಗಿನ ಗಳಕ್ಕೆ. ಈಗ ಇಂಥವರ ಮುಂದೆ ಕಾಲಲ್ಲಿ ತಾಳ ಹಾಕಬೇಕು. ಮಂತ್ರಿಗೆ ಹಲ್ಲಿಲ್ಲ. ಸೇನಾಪತಿಗೆ ಮಂಡಿನೋವು, ಕೂತರೆ ಏಳಲ್ಲ, ಎದ್ದರೆ ಕೂರಲ್ಲ. ಬೆನ್ನಿಗೆ ಈಟಿ ಹಾಕೋ ದ್ರೋಹಿಯ ಪಾತ್ರ ಕುರಿ ಕಾಯೋ ಬೋರಪ್ಪನದು — ಈಟಿ ಹಿಡಿದರೂ ಕುರಿ ಅಟ್ಟಿದಂಗೇ ಅಟ್ತಾನೆ.

ಆಮೇಲೆ ದೊರೆಮಗ ಬಂದ. ಸುನೀಲ್‌ಕುಮಾರ್. ಹದಿನೇಳು, ಫಸ್ಟ್ ಪಿಯು. ಮಂಡಳಿ ಅಧ್ಯಕ್ಷ ದೊಡ್ಡರಂಗಪ್ಪನ ಒಬ್ಬನೇ ಮಗ — ಅಂದಮೇಲೆ ಪಾತ್ರ ಹೆಂಗೆ ಸಿಕ್ಕಿತು ಅಂತ ಕೇಳೋದೇ ಬೇಡ. ಕತ್ತೆ ಕಿರುಚಾಟಕ್ಕೆ ಕಿವಿ ಸಿದ್ಧ ಮಾಡಿಕೊಂಡು ಕೂತೆ.

"ಅಪ್ಪಣೆ ಕೊಡಮ್ಮಾ..." ಅಂತ ಎತ್ತಿದ.

ನನ್ನ ಬೆರಳು ಹಾರ್ಮೋನಿಯಂ ಮೇಲೆ ನಿಂತುಹೋಯ್ತು. ಆ 'ಮ್ಮಾ' ಮೇಲೆ ಹೋಯ್ತು, ಹೋಗ್ತಾನೇ ಇತ್ತು, ಉಸಿರು ಮುಗೀಬೇಕಾದ ಜಾಗದಲ್ಲಿ ಇನ್ನೊಂದು ಬಾಗಿಲು ತೆಗೀತು. ಅಪ್ಪ ಹೋದಮೇಲೆ ಅಂಥ ಗಂಟಲು ಕೇಳಿರಲಿಲ್ಲ.

ದರಿದ್ರದ ಊರಲ್ಲಿ ಇಂಥ ಗಂಟಲು. ದೇವರಿಗೂ ಪಾತ್ರ ಹಂಚೋಕೆ ಬರಲ್ಲ.

ಫೆಬ್ರವರಿ 16, ಭಾನುವಾರ

ದೊರೆಮಗ ಪ್ರಾಕ್ಟೀಸಿಗೆ ತಡ. ಮೊದಲು ಸೈಲೆನ್ಸರ್ ಬಂತು, ಆಮೇಲೆ ಬೈಕು, ಆಮೇಲೆ ವಾಸನೆ, ಕೊನೆಗೆ ಹುಡುಗ. ಮಧ್ಯಾಹ್ನ ಮೂರು ಗಂಟೆಗೆ!

"ಏನ್ಲಾ ಕುಡಿದಿದ್ದೀಯ?"

"ಒಂದೇ ಒಂದು ಬಿಯರ್ ಮೇಡಂ. ಬಿಸಿಲು."

"ಬಿಸಿಲಿಗೆ ಮಜ್ಜಿಗೆ ಕುಡೀತಾರೆ. ಲೈಸೆನ್ಸ್ ಐತಾ?"

"ನಮ್ಮೂರಾಗೆ ಯಾರು ಕೇಳ್ತಾರೆ ಬುಡಿ ಮೇಡಂ. ನಮ್ಮಪ್ಪನ ಹೆಸರು ಹೇಳಿದ್ರೆ ಆಯ್ತು."

ಅವನಪ್ಪ ದೊಡ್ಡರಂಗಪ್ಪ ಅಲ್ಲೇ ಕೂತಿದ್ದ. ಹಲ್ಲು ಕಿರಿದ! ಮಗ ವೇದ ಹೇಳಿದ ಹಾಗೆ.

"ಕಲಾವಿದ ಅಂದಮೇಲೆ ವಸಿ ಇರಬೇಕಲ್ಲ ಮೇಡಮ್ಮೋರೆ. ಧೈರ್ಯಕ್ಕೆ. ನಮ್ಮ ಮಂಡಳೀಲಿ ಪದ್ಧತಿ ಐತೆ — ಬಣ್ಣದ ತೀರ್ಥ ಅಂತ. ಬಣ್ಣ ಹಚ್ಚೋ ಚೌಕೀಲಿ ಪೂಜೆ ಆದಮೇಲೆ ಬಾಟ್ಲಿ ಒಡೆದು ಮೊದಲ ಮುಚ್ಚಳ ನೆಲಕ್ಕೆ, ಎರಡನೇದು ಎಲ್ರಿಗಿಂತ ಚಿಕ್ಕ ಕಲಾವಿದನಿಗೆ. ಗಂಟ್ಲು ಬಿಡ್ತದೆ. ನಂಗೂ ನಮ್ಮಪ್ಪ ಅಂಗೇ ಕೊಟ್ಟಿದ್ದು."

ಅಹಹಾ, ಏನು ಪರಂಪರೆ! ಗಂಟಲು ಬಿಡೋಕೆ ಕಲ್ಲುಸಕ್ಕರೆ ಐತಯ್ಯ, ಶುಂಠಿ ಐತೆ ಅಂದೆ. ಮಂಡಳಿಗೆ ಮಂಡಳಿಯೇ ನಕ್ಕಿತು. ಹಲ್ಲಿಲ್ಲದ ಮಂತ್ರಿ ಕೂಡ.

ಹುಡುಗ ಹೋಗುವಾಗ ಕೆರೆ ಏರಿ ಮೇಲೆ ಮುಂದಿನ ಗಾಲಿ ಎತ್ತಿ ಓಡಿಸಿದ. ಹಿಂದೆ ಇಬ್ಬರು ಗೆಳೆಯರು ಇನ್ನೊಂದು ಬೈಕಲ್ಲಿ ವೀಡಿಯೋ ಹಿಡ್ಕೊಂಡು. ರೀಲ್ಸು. ಲೋಹಿತಾ ತೋರಿಸಿದಳು — 'ಯುವರಾಜ ಆನ್ ಡ್ಯೂಟಿ' ಅಂತ ಹೆಸರು. ಲೈಕು ಕೊಟ್ಟವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೊಂದು...

ಬೇಡ. ಬೀಪಿ.

ಫೆಬ್ರವರಿ 23, ಭಾನುವಾರ

ಆಗಬೇಕಾದ್ದು ಆಯ್ತು. ಇಲ್ಲ, ಆಗಬೇಕಾದ್ದರ ಕಾಲು ಭಾಗ.

ದೊರೆಮಗ ನಿನ್ನೆ ಸಂಜೆ ಗೆಳೆಯನ ಹುಟ್ಟುಹಬ್ಬ ಮುಗಿಸಿಕೊಂಡು ಬರುವಾಗ ಬೋರಪ್ಪನ ಕುರಿ ಮಂದೆಗೆ ನುಗ್ಗಿದ. ಎರಡು ಕುರಿ ಸತ್ತವು. ದೊರೆಮಗನಿಗೆ ಮೊಣಕೈ ತರಚಿದೆ. ಅಷ್ಟಕ್ಕೇ ಮನೇಲಿ ದೃಷ್ಟಿ ತೆಗೆದು ತಡೆ ಒಡೆಸಿದ್ದಾರೆ. ಕುರಿಗೆ ಯಾರೂ ತೆಗೆಯಲಿಲ್ಲ.

ದೊಡ್ಡರಂಗಪ್ಪ ಬೋರಪ್ಪನ ಬಾಯಿ ಮುಚ್ಚಿಸಿದ. ಎಷ್ಟಕ್ಕೆ ಅಂತ ನಾನು ಕೇಳಲಿಲ್ಲ. ಸತ್ತ ಕುರಿಗಳನ್ನ ಏನು ಮಾಡಿದ ಗೊತ್ತೇ? ಇವತ್ತು ಪ್ರಾಕ್ಟೀಸಿಗೆ ಅದೇ ಊಟ! ಮುದ್ದೆ, ಸಾರು, ತಲೆಮಾಂಸ ಬೇರೆ. ಇಡೀ ಮಂಡಳಿ ಅಪರಾಧದ ಎಲುಬು ಚೀಪುತ್ತಾ ಕೂತಿತ್ತು. "ಸುನೀಲ ಯಾವಾಗ್ಲಾ ಮುಂದಿನ ಬೇಟೆ?" ಅಂತ ಸೇನಾಪತಿ ಕೇಳಿದ. ಗೊಳ್ಳೆಂದರು.

ಬೋರಪ್ಪ ಮಾತ್ರ ಹುಣಸೆ ಮರದ ಬುಡದಲ್ಲಿ ಕೂತಿದ್ದ. ಹೋಗಿ ಕೇಳಿದೆ, ಕುರಿ ಹೋಯ್ತು ಅಂತ ಬೇಜಾರೇನಪ್ಪ.

"ಕುರಿ ಇವತ್ತಲ್ಲ ನಾಳೆ ಸಾಯ್ತವೆ ಕಣಮ್ಮ. ನನ್ನ ಹೆಂಡ್ರು ಕ್ಯಾತಮ್ಮ ಮಂದೆ ಮುಂದೆ ಇದ್ಲು. ಕಾಲಿಗೆ ಮುಳ್ಳು ಚುಚ್ಕಂತು ಅಂತ ಪಕ್ಕಕ್ಕೆ ಕೂತ್ಲು. ಅವಳು ನಿಂತಿದ್ದ ಜಾಗದಾಗೆ ಆ ಎರಡು ಕುರಿ ಬಂದು ನಿಂತ್ವು." ನೆಲದ ಮೇಲಿನ ಹುಣಸೆ ಬೀಜ ಎತ್ತಿ ಬೆರಳಲ್ಲಿ ತಿರುವಿದ. "ಆ ಮುಳ್ಳು ಇನ್ನೂ ಎಸೆದಿಲ್ಲ ಅವಳು. ಸೆರಗಿಗೆ ಕಟ್ಕಂಡವ್ಳೆ."

ನಾನೂ ಊಟ ಮಾಡಿದೆ. ಹಸಿವಾಗಿತ್ತು. ಸಾರಿಗೆ ಉಪ್ಪು ಕಮ್ಮಿ.

ಮಾರ್ಚ್ 16, ಭಾನುವಾರ

ಬರೆಯದೆ ಮೂರು ವಾರ. ಬರೆಯೋಕೆ ಏನಿದೆ? ಹುಡುಗ ಹಾಡ್ತಾನೆ, ನನ್ನ ರೋಮ ನಿಲ್ಲುತ್ತೆ. ಹುಡುಗ ಬೈಕ್ ಹತ್ತುತ್ತಾನೆ, ಮತ್ತೆ ನಿಲ್ಲುತ್ತೆ. ಬೇರೆ ಕಾರಣಕ್ಕೆ.

ಇವತ್ತು ತೀರ್ಮಾನ ಹೇಳಿಬಿಟ್ಟೆ. ನಟ್ಟನಡು ಅಂಕಣದಲ್ಲಿ ನಿಂತು, ಅಪ್ಪ ಕಲಿಸಿದ ಧ್ವನಿಯಲ್ಲಿ — ನಾಟಕ ಮುಗಿಯೋವರೆಗೂ ಬೈಕ್ ಕೀ ನನ್ನ ಸೊಂಟದಲ್ಲಿ ಇರಬೇಕು. ಇಲ್ಲದಿದ್ದರೆ ರಾಣಿ ಇಲ್ಲ, ಪಾಠ ಇಲ್ಲ, ಹಾರ್ಮೋನಿಯಂ ಇಲ್ಲ. ಬೇಕಾದರೆ ದೊಡ್ಡರಂಗಪ್ಪನೇ ಸೀರೆ ಉಟ್ಟು ಅಳಲಿ!

ದೊಡ್ಡರಂಗಪ್ಪ ತಲೆ ಕೆರೆದ. ಫ್ಲೆಕ್ಸ್ ಪ್ರಿಂಟ್ ಆಗಿಹೋಗಿತ್ತು. ಕೀ ಬಂತು.

ಹುಡುಗ ಹಿಂದಿನಿಂದ ಬಂದ. "ಮೇಡಂ, ಕ್ಲಾಸಲ್ಲಿ ಎಲ್ರೂ ನಗ್ತಾರೆ. ಬಸ್ಸಲ್ಲಿ ಬರೋ ದೊರೆಮಗ ಅಂತಾರೆ."

"ನಗಲಿ. ಸತ್ತವನನ್ನ ಕಂಡು ಯಾರೂ ನಗಲ್ಲ. ಯಾವುದು ಬೇಕು?"

"ಏನ್ ಮೇಡಂ ನೀವು, ಸಾಯೋದೇ ಹೇಳ್ತೀರ."

"ನಿನ್ನ ಮೇಲೆ ಪ್ರೀತಿ ಇಲ್ಲ ಕಣ್ಲಾ. ಆ ಗಂಟಲು ನಿಂದಲ್ಲ. ಯಾರೋ ಮರೆತು ನಿನ್ನ ಕುತ್ತಿಗೇಲಿ ಇಟ್ಟುಹೋಗಿದಾರೆ. ಅದಕ್ಕೆ ಕಾವಲು ನಾನು."

ಮುಖ ಕೆಂಪಾಯ್ತು. ನಕ್ಕ. ನಗುವಾಗ ಏಳನೇ ಕ್ಲಾಸಿನ ಹುಡುಗನ ಥರ ಕಾಣ್ತಾನೆ. ಆಮೇಲೆ ಅಪ್ಪಣೆ ಪದ ಹೇಳಿದ. ತಪ್ಪಿಲ್ಲ. ಹೊಗಳಲಿಲ್ಲ ನಾನು. ಹೊಗಳಿದರೆ ಕೆಡ್ತವೆ.

ಏಪ್ರಿಲ್ 5, ಶನಿವಾರ. ಸಂಜೆ, ಚೌಕಿ

ಇವತ್ತೇ ನಾಟಕ. ಊರ ಬಾಗಿಲಿಂದ ಶಾಲೆ ಬಯಲಿನವರೆಗೆ ಫ್ಲೆಕ್ಸು. 'ಯುವ ಕಲಾ ಕೇಸರಿ ಸುನೀಲ್‌ಕುಮಾರ್' — ತಲೆಗೆ ಕಿರೀಟ, ಕಣ್ಣಿಗೆ ಕೂಲಿಂಗ್ ಗ್ಲಾಸ್, ಕೆಳಗೆ ಬೈಕು. ಪಾಳೇಗಾರರ ಕಾಲದ ಬೈಕು!

ರಕ್ತ ಕಲಸಿದೆ. ಬೆಲ್ಲದ ಪಾಕಕ್ಕೆ ಕುಂಕುಮ. ಅಪ್ಪನ ಅಳತೆ. ಒಳ್ಳೇ ಬಣ್ಣ, ಬೇಗ ಒಣಗುತ್ತೆ, ಜರಿಗೆ ಮೆತ್ತಿಕೊಳ್ಳಲ್ಲ. ಒಂದೇ ಕಾಟ — ಬೆಳಗಾದರೆ ನೊಣ ಮುತ್ತುತ್ತೆ.

ಬಣ್ಣದ ತೀರ್ಥದ ಬಾಟ್ಲಿ ನೋಡಿದೆ. ಕೈಹಾಕಿ ಕಿತ್ತು ಲೋಹಿತಾ ಬ್ಯಾಗಲ್ಲಿಟ್ಟೆ. ದೊಡ್ಡರಂಗಪ್ಪನ ಮುಖ ಸುಟ್ಟ ಬದನೆಕಾಯಿ ಆಯ್ತು. ಕೀ ಸೊಂಟದಲ್ಲಿ, ರಾಣಿಯ ಡಾಬಿನ ಒಳಗೆ. ಭದ್ರ.

ಗೆಜ್ಜೆ ಸದ್ದು. ಕರೀತಿದಾರೆ.

ಏಪ್ರಿಲ್ 9, ಬುಧವಾರ

ಬರೀತೀನಿ. ನಡೆದ ಕ್ರಮದಲ್ಲೇ ಬರೀತೀನಿ. ಬೇರೆ ಯಾರಾದರೂ ಹೇಳಿದರೆ ಸುಳ್ಳು ಸೇರಿಸ್ತಾರೆ.

ಬಾಟ್ಲಿ ಕಿತ್ತದ್ದು ಒಂದು. ಊರಲ್ಲಿ ಬಾಟ್ಲಿಗೆ ಬರವೇ? ಜನರೇಟರ್ ಹಿಂದೆ ಗೆಳೆಯರು ನೀರಿನ ಬಾಟ್ಲಿಯಲ್ಲಿ ಕಲಸಿ ಇಟ್ಟಿದ್ದರಂತೆ. ಸೀನು ಸೀನಿಗೆ ಮಧ್ಯೆ ಕುಡಿದಿದಾನೆ. ನನಗೆ ತಿಳಿಯಲಿಲ್ಲ. ಯಾಕಂದರೆ ವಾಸನೆ ಬಣ್ಣದೆಣ್ಣೇಲಿ ಮುಳುಗಿತ್ತು, ಹಾಡು ಕೆಡಲಿಲ್ಲ! ಅದೇ ದ್ರೋಹ. ಕಾಲು ತೊಡರಿದ್ದರೆ, ಶ್ರುತಿ ಜಾರಿದ್ದರೆ ಹಿಡೀತಿದ್ದೆ.

ಅಪ್ಪಣೆ ಸೀನು. ಅಪ್ಪ ಬರೆದದ್ದು — ಮಗ ಮಂಡಿಯೂರಿ ಹಾಡ್ತಾನೆ, ತಾಯಿ ಕತ್ತಿ ಕೊಟ್ಟು 'ಹೋಗಿ ಬಾ ಕಂದಾ, ಗೆದ್ದು ಬಾ' ಅಂತಾಳೆ. ಹುಡುಗ 'ಅಪ್ಪಣೆ ಕೊಡಮ್ಮಾ' ಎತ್ತಿದ್ದೇ ತಡ, ಬಯಲೆಲ್ಲ ಶಿಳ್ಳೆ. ಒನ್ಸ್ ಮೋರ್. ಮತ್ತೆ ಹಾಡಿದ. ಹೆಂಗಸರು ಅಳ್ತಿದ್ರು.

ಆಗ ದೊಡ್ಡರಂಗಪ್ಪ ಮೈಕ್ ಹಿಡಿದು ಸ್ಟೇಜಿಗೆ ಬಂದ. ಈ ಕಡೆ ನಾಟಕಗಳಲ್ಲಿ ಅದು ಮಾಮೂಲು. ರಾಜ ಸಾಯ್ತಾ ಇದ್ದರೂ ನಿಲ್ಲಿಸಿ ಹಾರ ಹಾಕ್ತಾರೆ.

"ಮಹಾಜನಗಳೇ! ನನ್ನ ಮಗನಿಗೆ ಒಂದು ಶಿಕ್ಷೆ ಆಗೈತೆ. ಅವನ ಬೈಕ್ ಕೀ ಮೇಡಮ್ಮೋರ ಹತ್ರ ಐತೆ. ಇಷ್ಟು ಚಂದಾಗಿ ಹಾಡಿದ ಮಗನಿಗೆ ರಾಣಿ ತಾಯಿ ಕತ್ತಿ ಜೊತೆ ಕೀಯನ್ನೂ ಕೊಡಬೇಕು ಅಂತ ಪ್ರೇಕ್ಷಕ ಮಹಾಪ್ರಭುಗಳ ಪರವಾಗಿ ಕೇಳ್ಕಂತೀನಿ. ಕೊಡಬೇಕಾ ಬ್ಯಾಡ್ವಾ?"

"ಕೊಡಬೇಕು!" — ಬಯಲಿಗೆ ಬಯಲೇ.

"ಕೀ! ಕೀ! ಕೀ!"

ಛೀ, ಆ ಜನ. ಎರಡು ಕುರಿ ತಿಂದವರು.

ಮತ್ತೆ ನಾನು? ಸೈಡ್‌ವಿಂಗಿನ ಗಳಕ್ಕೆ ತೊಟ್ಟಿಲು ಕಟ್ಟಿಸಿಕೊಂಡವಳು ನಾನು. ಚಪ್ಪಾಳೆ ಬಂದ ಕಡೆ ಕತ್ತು ತಿರುಗುತ್ತೆ, ಹಸುಗೂಸಿನ ಹಾಗೆ. ಡಾಬಿಗೆ ಕೈ ಹೋಯ್ತು. ಬೆಳಕು ಬೀಳೋ ಹಾಗೆ ಕೀ ಎತ್ತಿ ಹಿಡಿದೆ — ಅದನ್ನೂ ಅಂದವಾಗಿ ಮಾಡಿದೆ, ಬಲಗೈ, ಸ್ವಲ್ಪ ತಡೆದು. ಕತ್ತಿಯ ಹಿಡಿಗೆ ಸಿಕ್ಕಿಸಿ ಕೊಟ್ಟೆ. "ಹೋಗಿ ಬಾ ಕಂದಾ, ಗೆದ್ದು ಬಾ!" ಅಂದೆ. ಅಂಥ ಶಿಳ್ಳೆ ನಮ್ಮಪ್ಪನಿಗೂ ಬಿದ್ದಿರಲಿಲ್ಲ.

ಆಮೇಲೆ ಯುದ್ಧ. ಬೋರಪ್ಪ ಈಟಿ ಹಾಕಿದ. ನಾನೇ ಸೈಡ್‌ವಿಂಗಲ್ಲಿ ಹುಡುಗನ ಹಣೆಗೆ, ಎದೆಗೆ ರಕ್ತ ಬಳಿದು ಕಳಿಸಿದ್ದೆ. ಚಂದವಾಗಿ ಸತ್ತ. ಪರದೆ ಬಿತ್ತು.

ಮುಂದಿನ ಸೀನು ನನ್ನದು — ಮಗನ ಹೆಣದ ಮೇಲೆ ತಾಯಿಯ ಪ್ರಲಾಪ. ಪರದೆ ಏಳಬೇಕು, ಹೆಣ ಇಲ್ಲ! ಹುಡುಕಿದರೆ — ವೇಷದಲ್ಲೇ ಬೈಕ್ ಹತ್ತಿ ಹೋದನಂತೆ. ಹೈವೇನಲ್ಲಿ ರೀಲ್ಸ್ ಮಾಡೋಕೆ. ರಕ್ತ ಮೆತ್ತಿದ ದೊರೆಮಗ ಬೈಕ್ ಮೇಲೆ — ಅದಕ್ಕೆ ಲೈಕು ಜಾಸ್ತಿಯಂತೆ.

ಎರಡು ದಿಂಬು ಇಟ್ಟು ಮೇಲೆ ಶಾಲು ಹೊದಿಸಿದೆವು. ಪರದೆ ಎದ್ದಿತು. ಅತ್ತೆ. ದಿಂಬಿನ ಮೇಲೆ ಬಿದ್ದು ಅತ್ತೆ. ಬಾಯಲ್ಲಿ 'ಮಗನೇ', ಮನಸ್ಸಲ್ಲಿ 'ಬಾ ಮಗನೇ, ಕಾಲು ಮುರೀತೀನಿ'. ರಾಣಿವಾಸದ ವೇಷದಲ್ಲಿ ಪಕ್ಕ ಕೂತಿದ್ದ ಲೋಹಿತಾ ಅವತ್ತು ಕಣ್ಣಲ್ಲೇ ಅತ್ತಳು.

ಮಂಗಳ ಹಾಡಿದಾಗ ಸೂರ್ಯ ಹುಟ್ಟಿದ್ದ. ಬಣ್ಣ ಅರ್ಧ ಒರೆಸಿ ಆಟೋ ಹತ್ತಿದೆವು. ಕೆರೆ ಏರಿ ಮೇಲೆ ಎದುರಿಗೆ ಹಾಲಿನ ಕ್ಯಾನ್ ಗಾಡಿಯವನು ನಗ್ತಾ ಬಂದ. "ಮೇಡಮ್ಮೋರೆ, ನಿಮ್ಮ ದೊರೆಮಗ ಮುಂದೆ ಮಲಗವ್ನೆ! ಫುಲ್ ಟೈಟು! ರಕ್ತಗಿಕ್ತ ಎಲ್ಲ ಅಂಗೇ ಐತೆ!" ವೀಡಿಯೋ ಬೇರೆ ಮಾಡ್ಕಂಡಿದ್ದ. ಅವನಿಗಿಂತ ಮುಂಚೆ ಎಷ್ಟು ಜನ ನೋಡಿ, ನಕ್ಕು ಹೋದರೋ.

ಏರಿಯ ಕೆಳಗೆ ಬಿದ್ದಿದ್ದ. ಬೈಕು ಕಾಣಲಿಲ್ಲ, ಜಾಲಿ ಮಧ್ಯೆ ಹೋಗಿತ್ತು, ಅದು ಆಮೇಲೆ ತಿಳಿದದ್ದು. ಕಿರೀಟ ಒಂದು ಕಡೆ. ಎದೆ ತುಂಬ ಕೆಂಪು. ನೊಣ.

ನೊಣ ನೋಡಿ ಬೆಲ್ಲ ಅಂದುಕೊಂಡೆ.

ಏರಿ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತೆ. ಧ್ವನಿ ಎತ್ತಿದೆ. "ಏಳೋ ಎಲೈ ಕುಲಗೇಡಿ! ಹೆಣವಾಗು ಅಂದಾಗ ಎದ್ದು ಓಡಿದೆ, ಏಳು ಅಂದರೆ ಹೆಣವಾಗಿ ಬಿದ್ದಿದೀಯ! ದಿಂಬಿನ ಮುಂದೆ ಅಳಿಸಿದೆಯಲ್ಲೋ ನನ್ನ!" ಇನ್ನೂ ಏನೇನೋ. ಪೂರ್ತಿ ಬೈದೆ. ಆಟೋದವನು ನಗ್ತಿದ್ದ. ಅವನು ನಗ್ತಾನೆ ಅಂತ ಇನ್ನೆರಡು ಮಾತು ಸೇರಿಸಿದೆ.

ಲೋಹಿತಾ ಕೆಳಗೆ ಇಳಿದಿದ್ದಳು. ಎದೆ ಮುಟ್ಟಿ ಬೆರಳು ನೋಡಿದಳು.

"ಅಮ್ಮಾ... ನಾವು ಬಳಿದದ್ದು ಆಗಲೇ ಒಣಗಬೇಕಿತ್ತು."

"ಹೂಂ, ಅದಕ್ಕೆ?"

"ಇದು ಹಸಿ ಅಮ್ಮಾ."

ಏಪ್ರಿಲ್ 12, ಶನಿವಾರ

ಬದುಕಿದಾನೆ. ತುಮಕೂರಿನ ಆಸ್ಪತ್ರೆ, ಐಸಿಯು. ಬೈಕಿನ ಹ್ಯಾಂಡಲ್ ಗಂಟಲಿಗೆ ಹೊಡೆದಿದೆ. ಕುತ್ತಿಗೇಲಿ ತೂತು ಮಾಡಿ ಕೊಳವೆ ಇಟ್ಟಿದಾರೆ, ಉಸಿರಿಗೆ. ಧ್ವನಿ? "ಬರಬಹುದು. ಬರದೇನೂ ಇರಬಹುದು. ಬೇಗ ತಂದಿದ್ದರೆ..." ಅಂತ ಡಾಕ್ಟರ್ ನಿಲ್ಲಿಸಿದರು.

ರೀಲ್ಸ್ ಗೆಳೆಯರು? ಕಣ್ಣೆದುರೇ ಬಿದ್ದದ್ದು. ಹೆದರಿ ಮನೆಗೆ ಹೋಗಿ ಮಲಗಿದರಂತೆ. ಮೊಬೈಲ್ ಸ್ವಿಚ್ ಆಫ್. ಭಲೇ, ಸೇನಾನಿಗಳು!

ಊರಲ್ಲಿ ಕಥೆ ರೆಡಿ. ಹಂದಿ ಅಡ್ಡ ಬಂತಂತೆ. ದೊಡ್ಡರಂಗಪ್ಪ ಅದನ್ನೇ ಹೇಳೋಕೆ ಮನೆಗೆ ಬಂದ. ಶೇವ್ ಇಲ್ಲ, ಕಣ್ಣು ಊದಿದೆ. ಒಂದು ಗಳಿಗೆ ಅಯ್ಯೋ ಅನ್ನಿಸಿತು. ಬಾಯಿ ತೆಗೆದ, ಅದೂ ಹೋಯ್ತು.

"ಪೊಲೀಸ್ನೋರು ಕೇಳಿದ್ರೆ ಹಂದಿ ಅನ್ನಿ ಮೇಡಮ್ಮೋರೆ. ಕುಡಿದಿದ್ದ ಅಂತ ಬರೆದ್ರೆ ಕೇಸು ನನ್ನ ತಲೇಗೆ."

"ಹಂದಿ ಎಷ್ಟು ಕುಡಿದಿತ್ತು?"

"ತಮಾಷೆ ಬ್ಯಾಡಿ. ಕೀ ಕೊಟ್ಟಿದ್ದು ನೀವು. ವೀಡಿಯೋ ಐತೆ, ಊರೆಲ್ಲ ನೋಡೈತೆ."

"ಐತೆ. ಮೈಕ್ ಯಾರ ಕೈಲಿತ್ತು ಅಂತಾನೂ ಐತೆ. ಬಾ, ಇಬ್ಬರೂ ಒಟ್ಟಿಗೆ ಹೋಗಿ ತೋರಿಸೋಣ."

ಅವನು ಬರಲಿಲ್ಲ. ನಾನು ಹೋದೆ. ಪೂರ್ತಿ ಹೇಳಿದೆ — ಬಾಟ್ಲಿ, ಕುರಿ, ಕೀ, ನನ್ನ ಬಲಗೈ. ಬರೆದುಕೊಳ್ಳೋ ಪೊಲೀಸ್ನೋರು "ಸ್ವಲ್ಪ ಮೆಲ್ಲಗೆ ಅಮ್ಮಾ, ಹೊರಗೆ ಜನ ಸೇರಿದಾರೆ" ಅಂದರು. ಸೇರಲಿ ಅಂದೆ. ಕೊನೇಲಿ ಬೋರಪ್ಪನೂ ಬಂದು ಸಾಕ್ಷಿ ಹಾಕಿದ. ಕ್ಯಾತಮ್ಮ ಕಳಿಸಿದಳಂತೆ.

ಏಪ್ರಿಲ್ 27, ಭಾನುವಾರ

ಮಂಡಳಿಯಿಂದ ಫೋನು. ಸೇನಾಪತಿ. ಪಾವಗಡದ ಕಡೆ ತಿರುಮಣಿ ಹತ್ತಿರ ಇದೇ ನಾಟಕಕ್ಕೆ ಕರೆ ಬಂದಿದೆಯಂತೆ. ವೀಡಿಯೋ ಹೆಸರಾಗಿದೆಯಂತೆ! ಕೀ ಸೀನು ಇರಲೇಬೇಕಂತೆ! "ಹೊಸ ಹುಡುಗ ಸಿಕ್ಕವ್ನೆ ಮೇಡಮ್ಮೋರೆ, ವೈ.ಎನ್.ಹೊಸಕೋಟೆಯೋನು. ತೆಲುಗು ವಸಿ ಜಾಸ್ತಿ, ನೀವು ತಿದ್ದಿದ್ರೆ ಸರಿಹೋಯ್ತಾನೆ. ಹದಿನಾರು ವರ್ಷ. ಗಾಡಿ ಐತೆ ಅವನತ್ರ."

ಆ ಮುಠ್ಠಾಳನಿಗೆ ನಾನು ಏನಂದೆ ಅಂತ ಬರೆಯಲ್ಲ. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು.

ಅಪ್ಪನ ನಾಟಕದ ಪ್ರತಿ ಟ್ರಂಕಿಗೆ ಹಾಕಿ ಬೀಗ ಹಾಕಿದೆ.

ಮೇ 4, ಭಾನುವಾರ

ವಾರ್ಡಿಗೆ ಹಾಕಿದಾರೆ, ನೋಡಬಹುದು ಅಂದರು. ಲೋಹಿತಾ ಜೊತೆ ಹೋದೆ. ಕಲ್ಲುಸಕ್ಕರೆ ಒಯ್ದಿದ್ದೆ — ಎಂಥ ಬುದ್ಧಿ ನಂದು, ನುಂಗೋಕೆ ಆಗಬೇಕಲ್ಲ. ಬ್ಯಾಗಲ್ಲೇ ಬಿಟ್ಟೆ.

ತಾಯಿ ಗಂಗಾಲಕ್ಷ್ಮಿ ಮಂಚದ ಪಕ್ಕ ಕೆಳಗೆ ಕೂತಿದ್ದಳು. ನಾಟಕದ ದಿನ ಈಕೆಯನ್ನು ಯಾರೂ ಸ್ಟೇಜಿಗೆ ಕರೆದಿರಲಿಲ್ಲ. ನನಗೆ ಜಾಗ ಬಿಟ್ಟು ಎದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ರಾತ್ರಿ ನಿದ್ದೇಲಿ ಬಾಯಾಡಿಸ್ತಾನೆ ಮೇಡಂ. ಹಾಡ್ತಾನೋ ಏನೋ. ನಂಗೆ ಕೇಳ್ಸಲ್ಲ" ಅಂದಳು.

ಹುಡುಗ ಅರ್ಧ ಆಗಿದಾನೆ. ಕುತ್ತಿಗೆಯ ಕೊಳವೆ ಹತ್ತಿರ ಬಿಳೀ ಬಟ್ಟೆ. ಬೈಯೋಕೆ ಎಷ್ಟೋ ಮಾತು ಜೋಡಿಸಿಕೊಂಡು ಹೋಗಿದ್ದೆ, ಬಸ್ಸಿನಲ್ಲಿ ಅಭ್ಯಾಸ ಕೂಡ ಮಾಡಿದ್ದೆ. ನೋಡಿದ. ನಕ್ಕ. ಅದೇ ಏಳನೇ ಕ್ಲಾಸಿನ ನಗು. ಕೈಯೂರಿ ಸ್ವಲ್ಪ ಎದ್ದು ಕೂತ, ಕೈ ಮುಗಿದ, ಬಾಯಿ ತೆಗೆದ.

ತುಟಿ ಓದಿದೆ. ಅ-ಪ್ಪ-ಣೆ-ಕೊ-ಡ-ಮ್ಮಾ.

ಧ್ವನಿ ಇಲ್ಲ. ಕೊಳವೆಯಿಂದ ಗಾಳಿ ಬಂತು, ಹಳೇ ಹಾರ್ಮೋನಿಯಂ ತಿದಿ ಹರಿದಾಗ ಬರೋ ಹಾಗೆ. ಆದರೂ ಆ 'ಮ್ಮಾ' ಎಲ್ಲಿ ಏರಬೇಕೋ ಅಲ್ಲಿ ಹುಬ್ಬು ಏರಿತು. ತಾಳ ತಪ್ಪಲಿಲ್ಲ. ಮಂಚದ ಮೇಲೆ ಬೆರಳು ಹಾಕ್ತಿದ್ದ.

ಮುಗಿಸಿ ಕಾಯ್ತಿದ್ದ. ಕಣ್ಣು ನನ್ನ ಬಾಯಿ ಮೇಲೆ. ಮುಂದಿನ ಮಾತು ರಾಣಿಯದು. ಅಪ್ಪ ಬರೆದದ್ದು ಒಂದೇ ಸಾಲು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ. ಗಂಗಾಲಕ್ಷ್ಮಿ ನನ್ನನ್ನೇ ನೋಡ್ತಿದ್ದಳು. ಲೋಹಿತಾ ಸೆರಗು ಜಗ್ಗಿದಳು — ಹೇಳಮ್ಮಾ, ಕಾಯ್ತಿದಾನೆ.

ಎದ್ದು ನಿಂತೆ. ಬಲಗೈ ತಾನಾಗೇ ಎತ್ತಿತು. ಇಡೀ ವಾರ್ಡು ತಿರುಗಿ ನೋಡಿತು. ಬಾಯಿ ತೆಗೆದೆ. 'ಹೋಗಿ' ಅನ್ನೋ ಅಷ್ಟರಲ್ಲಿ ಎತ್ತಿದ ಕೈ ಇಳಿಸಿ, 'ಬಾ ಕಂದಾ' ಅಂತ ಮಾತ್ರ ಅಂದೆ.